ಶಾಂತವ್ವನ ಮುಂಗೈ

ನಮ್ಮ ಕಂಪನಿಯಲ್ಲಿ ಲೋಳೆಸರದ ರಸದಿಂದ, ಬಿಸಿಲಿಗೆ ಮೈ ಕಪ್ಪಾಗದಂತೆ ಹಚ್ಚುವ ಲೋಷನ್ ಮಾಡಿದ್ದೆವು. ಅದರ ಪರೀಕ್ಷೆಗೆ ಬ್ಯಾಡಗಿಯ ಮೆಣಸಿನಕಾಯಿ ಕಣಕ್ಕಿಂತ ಒಳ್ಳೆ ಜಾಗ ಎಲ್ಲಿ ಸಿಗಬೇಕು? ಅಲ್ಲಿ ದಿನವಿಡೀ ಕಾಯಿ ಹರಡುವ ಶಾಂತವ್ವ ಮುಂಗೈ ಚಾಚಿದಳು. ಹತ್ತಿಯಿಂದ ಒಂದು ಚೌಕದಷ್ಟೇ ಹಚ್ಚಿ, ದಿನಾ ಹೀಗೇ ಹಚ್ಚಿಕೊಳ್ಳಲು ಹೇಳಿ ಬಂದೆ.

ವಾರ ಬಿಟ್ಟು ಹೋದಾಗ ಕೈಯೆಲ್ಲ ಕಪ್ಪಾಗಿತ್ತು, ಚೌಕ ಮಾತ್ರ ತುಸು ತಿಳಿಯಾಗಿತ್ತು. ಅದರ ಪಕ್ಕದಲ್ಲೇ, ಯಾರೋ ಮುಂಗೈ ಹಿಡಿದಂತೆ, ಐದು ಬೆರಳು ತಿಳಿಯಾಗಿ ಮೂಡಿದ್ದವು. ಪರೀಕ್ಷೆ ಕೆಟ್ಟಿತೆಂದು ಸಿಟ್ಟು ಬಂತು.

"ಲೋಷನ್ ಹತ್ತಿದ ಕೈಲೆ ಯಾರರೆ ಹಿಡಿದಿದ್ರೇನ್ರಿ?"

"ನಮ್ಮವ್ವ ರೀ. ಬಿಸಿಲಾಗ ಹೋಗಬ್ಯಾಡ ಅಂತ ದಿನಾ ಹಿಡೀತಾಳ."

"ಅವರನ್ನ ಲಗೂ ಕರೀರಿ."

"ಸತ್ತು ಭಾಳ ವರ್ಷ ಆತ್ರಿ," ಅಂದವಳೇ ಮತ್ತೆ ಕಾಯಿ ಹರಡತೊಡಗಿದಳು.

ಒಂದು ಹೆಜ್ಜೆ ಹಿಂದೆ ಸರಿದೆ. ಆದರೂ ಕಸುಬಿನ ಚಟ ಬಿಡಬೇಕಲ್ಲ, ಎರಡೂ ಗುರುತು ಹೋಲಿಸಿ ನೋಡಿದೆ. ಬೆರಳಿದ್ದಲ್ಲಿ ಬಿಸಿಲು ತಾಗಿಯೇ ಇರಲಿಲ್ಲ. ಅವ್ವನ ಬೆರಳಿನ ಮುಂದೆ ನಮ್ಮ ಲೋಷನ್ ಏನೂ ಅಲ್ಲ.