ಉಪ್ಪು ಸವರಿದ ಲಿವರ್

ಎಂಬತ್ತನೇ ಇಸವಿ ಸುಮಾರಿಗೆ ನನ್ನ ತಂಗಿ ಮಗಳು ಬೆಂಗಳೂರಲ್ಲಿ ಸಂಶೋಧನೆ ಮಾಡ್ತಿದ್ದಳು. ಒಂದು ಹಬ್ಬಕ್ಕೆ ನಮ್ಮೂರು ಬೈರಕೂರಿಗೆ ಐಸ್ ಡಬ್ಬ ಹೊತ್ತು ಬಂದು, "ದೊಡ್ಡಮ್ಮ, ಕುರಿ ಕೊಯ್ದ ತಕ್ಷಣ ಲಿವರ್ ನಂಗೆ ಕೊಡು" ಅಂದಳು. ಅದರ ಒಂದೊಂದು ಜೀವಕೋಶದೊಳಗೂ ನ್ಯೂಕ್ಲಿಯಸ್ ಅಂತ ಒಂದು ಪುಟ್ಟ ಗುಂಡು ಇರುತ್ತಂತೆ. ಆ ಗುಂಡಿನ ಸಿಪ್ಪೇಲಿ ಯಾವ್ಯಾವ ಪ್ರೋಟೀನಿದೆ ಅಂತ ಪತ್ತೆ ಹಚ್ಚಿದರೇನೇ ಅವಳಿಗೆ ಡಾಕ್ಟರ್ ಪಟ್ಟ.

"ಸಿಪ್ಪೆ ನೋಡೋಕೆ ಇಷ್ಟು ವರ್ಷ ಓದ್ಬೇಕೇನೇ?" ಅಂದೆ.

ಅವಳು ಬಸ್ ವಿಚಾರಿಸಿ ಬರೋದರೊಳಗೆ ನಮ್ಮತ್ತೆ, ಕೆಡದಿರಲಿ ಅಂತ, ಲಿವರಿಗೆ ಉಪ್ಪು ಅರಿಶಿನ ಸವರಿಟ್ಟಿದ್ದರು.

"ಅಯ್ಯೋ ಅಜ್ಜಿ, ಉಪ್ಪಿಗೆ ಗುಂಡೆಲ್ಲ ಒಡೆದೋಗ್ತವೆ!"

"ಒಡೆದ್ರೆ ಬೇಗ ಬೇಯ್ತದೆ ಬಿಡೇ" ಅಂದರು ನಮ್ಮತ್ತೆ.

ಹುರಿದಿದ್ದರಲ್ಲಿ ಹೆಚ್ಚು ಪಾಲು ಅಳ್ತಾ ಅವಳೇ ತಿಂದಳು. ಮುಂದಿನ ಸಲ ಮುಳಬಾಗಿಲಿನ ಮಾಂಸದಂಗಡಿ ಮುಂದೆ ತಾನೇ ಡಬ್ಬ ಹಿಡಿದು ನಿಂತಳು. ಸಿಪ್ಪೆ ಸಿಕ್ಕಿತು, ಪಟ್ಟವೂ ಬಂತು. ಅವಳು ಅಂಗಡಿ ಮುಂದೆ ನಿಂತ ದಿನ ನನಗೆ ವಹಿಸಿದ್ದ ಕೆಲಸ ಒಂದೇ: ನಮ್ಮತ್ತೇನ ಮನೇಲಿ ಹಿಡಿದಿಟ್ಟುಕೊಳ್ಳೋದು.