ಬಾಯಮ್ಮನ ಬಜರ್

ಮೊನ್ನೆ ಉಡುಪಿಯಲ್ಲಿ ಮಿಕ್ಸಿ ರಿಪೇರಿಗೆ ಕೊಟ್ಟು ಸ್ಟೂಲಿನ ಮೇಲೆ ಕುಳಿತಿದ್ದೆ. ಅಂಗಡಿಯವನು ವಯರಿಗೆ ಬೆಸುಗೆ ಹಾಕಿದ. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ನಮ್ಮ ಟೆಸ್ಟಿಂಗ್ ಬಾಯಮ್ಮ ಕಣ್ಣೆದುರು ಬಂದು ನಿಂತರು... ಕೈಯಲ್ಲಿ ಕತ್ತರಿ ಸಮೇತ.

ಎಂಬತ್ತರ ದಶಕದ ಮೊದಲ ವರ್ಷಗಳು. ಬೆಳ್ಮಣ್‌ನಿಂದ ಬಸ್ಸು ಹಿಡಿದು ಮಣಿಪಾಲದ ಒಂದು ಶೆಡ್ಡಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಸ್ಕೂಟರಿನ ವಯರುಗಳನ್ನು ಜೋಡಿಸಿ ಕಟ್ಟು ಮಾಡುವ ಕೆಲಸ, ಹತ್ತು ಹುಡುಗಿಯರು. ಬಾಯಮ್ಮ (ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವುದೇ ಹಾಗೆ) ಒಂದೊಂದು ವಯರಿನ ಎರಡೂ ತುದಿಗೆ ಕ್ಲಿಪ್ಪು ಸಿಕ್ಕಿಸುವರು. ಬಜರ್ ಕೂಗಿದರೆ ಪಾಸು. ಇಲ್ಲವಾದರೆ ಆ ವಯರನ್ನು ಅಲ್ಲೇ ಕತ್ತರಿಸಿ, ಇಡೀ ಕಟ್ಟನ್ನು ಅದನ್ನು ಮಾಡಿದವಳ ಕೊರಳಿಗೆ ಹಾಕುವರು. ಊಟದ ಗಂಟೆಯವರೆಗೆ ತೆಗೆಯುವ ಹಾಗಿಲ್ಲ. ನನ್ನ ಕೆಲಸ ಕಾಯಂ ಆಗಬೇಕಿದ್ದ ವಾರದಲ್ಲೇ ನನಗೆ ಮೂರು ಸಲ ಆ ಮಾಲೆ ಬಿತ್ತು. ಶೆಡ್ಡಿನ ಧಣಿಗಳು ಕಾಯಂ ಮಾತನ್ನೇ ಬಿಟ್ಟರು. ತಪ್ಪು ನನ್ನದೇ, ಆದರೂ ನಾನು ಬಾಯಮ್ಮನ ಮೇಲೆ ಕತ್ತಿ ಮಸೆಯತೊಡಗಿದೆ.

ಒಮ್ಮೆ ಹಿಂದಿನಿಂದ ಎಷ್ಟು ಕರೆದರೂ ಅವರು ತಿರುಗಲಿಲ್ಲ. ಆಗ ಗಮನಿಸಿದೆ, ಎಡಗೈ ಬೆರಳು ಸದಾ ಮೇಜಿನ ಬಜರಿನ ಮೇಲೆ. ಕಿವಿ ಹೋಗಿತ್ತು. ಬಜರಿನ ನಡುಕದಿಂದಲೇ ಕೂಗನ್ನು ತಿಳಿಯುತ್ತಿದ್ದರು. ಕಾಪುವಿನ ಮನೆಯಲ್ಲಿ ಹಾಸಿಗೆ ಹಿಡಿದ ತಂಗಿ, ದುಡಿಯುವವರು ಇವರೊಬ್ಬರೇ. ಇದೆಲ್ಲ ಗೊತ್ತಿದ್ದೇ ಧಣಿಗಳ ಹತ್ತಿರ ಹೋದೆ.

"ಬಜರನ್ನು ಗೋಡೆಗೆ ಹಾಕಿದ್ರೆ ಎಲ್ಲರಿಗೂ ಕೇಳ್ತದೆ, ಅಲ್ವಾ?" ಅಂದೆ. ಅವರಿಗೆ ಹಿಡಿಸಿತು. ಕಿವಿಯ ಗುಟ್ಟು ಒಡೆಯದೆ ಬಾಯಮ್ಮ ಬೇಡ ಎನ್ನುವುದಾದರೂ ಹೇಗೆ?

ಮರುದಿನದಿಂದ ಅವರು ಕ್ಲಿಪ್ಪು ಸಿಕ್ಕಿಸಿ ನಮ್ಮ ಮುಖ ನೋಡತೊಡಗಿದರು. ಪಾಸಾದವಳ ಮುಖ ಅರಳುತ್ತಿತ್ತು, ಅಷ್ಟು ಸಾಕಿತ್ತು. ಧಣಿಗಳು ಪಕ್ಕದಲ್ಲಿ ನಿಂತಿದ್ದಾಗ ನನ್ನ ಸರದಿ ಬಂತು. ಬಜರ್ ಇಡೀ ಶೆಡ್ಡಿಗೆ ಕೇಳುವಂತೆ ಕೂಗಿತು. ಬಾಯಮ್ಮ ನನ್ನತ್ತ ನೋಡಿದರು. ನಾನು ಅಳುವವಳ ಹಾಗೆ ತಲೆ ತಗ್ಗಿಸಿದೆ.

ಅವರು ಕತ್ತರಿ ಹಾಕಿದರು. ಆಮೇಲೆಯೇ ಬಜರ್ ಸುಮ್ಮನಾದದ್ದು.

ಧಣಿಗಳ ಮುಖ ನೋಡಿಯೇ ಅವರಿಗೆ ಅರ್ಥವಾಯಿತು. ಚೀಲ ತೆಗೆದುಕೊಂಡು ಹೊರಟವರು ಕತ್ತರಿಯನ್ನು ನನ್ನ ಕೈಗಿತ್ತರು. "ಕೂಗಿದ್ರೂ ಒಮ್ಮೆ ಎಳೆದು ನೋಡು ಮಾರಾಯ್ತಿ. ತಂತಿಯ ಒಂದು ಎಳೆ ಉಳಿದ್ರೂ ಅದು ಕೂಗ್ತದೆ." ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮರುವಾರ ಅವರ ಕುರ್ಚಿ ನನಗೇ ಸಿಕ್ಕಿತು, ಕಾಯಂ ಆಗಿ.

"ಸರಿ ಉಂಟು ಅಮ್ಮ," ಎಂದು ಅಂಗಡಿಯವನು ಮೀಟರ್ ಕೂಗಿಸಿ ತೋರಿಸಿದ. ನಾನು ವಯರನ್ನು ಎಳೆದೆ. ಕಳಚಿ ಕೈಗೆ ಬಂತು.

"ಇದೆಲ್ಲ ಯಾರು ಕಲಿಸಿದ್ದು ನಿಮಗೆ?"

"ಒಬ್ಬರು ಬಾಯಮ್ಮ," ಅಂದೆ. ಕಳಚಿದ ವಯರನ್ನು ಅವನ ಕೈಗಿತ್ತೆ. ಅವರ ತಂಗಿ ಆ ವರ್ಷವೇ ತೀರಿಹೋದರಂತೆ, ಬಾಯಮ್ಮ ಆಮೇಲೆ. ನನ್ನ ಬಸ್ಸು ದಿನವೂ ಕಾಪುವಿನಲ್ಲಿ ನಿಲ್ಲುತ್ತಿತ್ತು. ನಾನು ಒಮ್ಮೆಯೂ ಇಳಿಯಲಿಲ್ಲ.