ಸೆವ್ರಿನ್ ಮಗನನ್ನು ಊರಿಗೆ ತಂದದ್ದು

ಐವತ್ತೆಂಟನೆಯ ಇಸವಿಯ ಕ್ರಿಸ್ಮಸ್ಸಿಗೆ ಸೆವ್ರಿನ್ ಊರಿಗೆ ಹೊರಟಾಗ ಅವಳ ಹತ್ತಿರ ಇದ್ದದ್ದು ಒಂದು ಟ್ರಂಕು, ಒಂದು ಚೊಂಬು ಮತ್ತು ಜ್ವರ ಬಂದ ಮಗ. ಗಂಡ ಇರಲಿಲ್ಲ. ಲಾದ್ರು ಸತ್ತು ತಿಂಗಳೂ ಆಗಿರಲಿಲ್ಲ.

ಅವಳು ನರಿಕೊಂಬಿನವಳು. ಹೊಳೆಯ ದಡದ ಹಂಚಿನ ಕಾರ್ಖಾನೆಯಲ್ಲಿ ಮೈನೆರೆಯುವ ಮೊದಲೇ ಹಸಿ ಹಂಚು ಹೊತ್ತವಳು. ಕುತ್ತಿಗೆ ಗಟ್ಟಿ, ಮಾತು ಕಮ್ಮಿ. ಬೆಳ್ತಂಗಡಿ ಕಡೆಯ ಲಾದ್ರು ಅದೇ ಕಾರ್ಖಾನೆಯಲ್ಲಿ ಹಂಚು ಸುಡುವ ಗೂಡಿಗೆ ಬೆಂಕಿ ಹಾಕುತ್ತಿದ್ದ. ಇಬ್ಬರಿಗೂ ಮದುವೆಯಾಯಿತು. ಆ ವರ್ಷವೇ ಅವನಿಗೆ ಕೊಯಮತ್ತೂರಿನ ಮಿಲ್ಲಿನಲ್ಲಿ ಕೆಲಸ ಸಿಕ್ಕಿತು. ಮಿಲ್ಲಿನ ಸಾಲುಮನೆಯಲ್ಲಿ ಬೊನಾ ಹುಟ್ಟಿದ. ಅವನಿಗೆ ನಾಲ್ಕು ವರ್ಷವಾದರೂ ನರಿಕೊಂಬಿನ ಅಜ್ಜಿ ಅವನ ಮುಖ ನೋಡಿರಲಿಲ್ಲ. ಬರುವ ಕ್ರಿಸ್ಮಸ್ಸಿಗೆ ಹೋಗುವ ಎಂದು ಲಾದ್ರು ವರ್ಷ ವರ್ಷ ಹೇಳುತ್ತಿದ್ದ. ಅಜ್ಜಿಯ ಮುಂದೆ ಹೇಗೆ ಕೈಮುಗಿಯಬೇಕು ಎಂದು ಮಗನಿಗೆ ಕಲಿಸಿಯೂ ಇಟ್ಟಿದ್ದ.

ಆ ವರ್ಷ ಸಾಲುಮನೆಗೆ ಸಿಡುಬು ಬಂತು. ಸಿಡುಬು ಬಾರದ ಹಾಗೆ ತೋಳಿಗೆ ಅಚ್ಚು ಹಾಕುವವರು ಬಂದಾಗ ಲಾದ್ರು, ಅದರಿಂದ ಮಗುವಿಗೆ ಜ್ವರ ಬರುತ್ತದೆ ಎಂದು ಹೆದರಿ, ಬೊನಾನನ್ನು ಕಂಬಳಿಯ ಅಡಿಯಲ್ಲಿ ಅಡಗಿಸಿಟ್ಟ. ತಾನೂ ಹಿಂಬಾಗಿಲಿನಿಂದ ಜಾರಿಕೊಂಡ. ಸೆವ್ರಿನ್ ಒಬ್ಬಳೇ ತೋಳು ಕೊಟ್ಟಳು. ಕಡೆಗೆ ಬಿದ್ದವನು ಲಾದ್ರುವೇ. ಅವನನ್ನು ಗಾಡಿಯಲ್ಲಿ ಹಾಕಿ ಪೇಟೆಯ ಹೊರಗೆ ಸಿಡುಬಿನವರನ್ನು ಇಡುವ ತಗಡಿನ ಷೆಡ್ಡಿಗೆ ಕೊಂಡುಹೋದರು. ಸೆವ್ರಿನ್ ಗೇಟಿನಲ್ಲಿ ನಿಂತಳು. ಒಳಗೆ ಬಿಡಲಿಲ್ಲ. ಒಂದು ಬೆಳಿಗ್ಗೆ ಕಾವಲಿನವನು ಬಂದು, ಹೂತಾಯಿತು, ಮನೆಗೆ ಹೋಗು ಎಂದ. ಪಾದ್ರಿ ಇರಲಿಲ್ಲ. ಒಂದು ಹಿಡಿ ಮಣ್ಣು ಹಾಕಲು ಅವಳೂ ಇರಲಿಲ್ಲ.

ಹಾಗಾಗಿ ಬೊನಾನ ಮೈ ಬಿಸಿಯಾದಾಗ ಅವಳು ಯಾರಿಗೂ ಹೇಳಲಿಲ್ಲ. ಹಬ್ಬಕ್ಕೆ ಇನ್ನೂ ಕೆಲವು ದಿನ ಇತ್ತು. ಟ್ರಂಕು ಎತ್ತಿಕೊಂಡು ರೈಲು ಹತ್ತಿದಳು. ಬರೀ ಜ್ವರ ಎಂದು ತನಗೆ ತಾನೇ ಹೇಳಿಕೊಂಡಳು. ಮಗುವನ್ನು ಮಾಯಿಯ, ಅಂದರೆ ತನ್ನ ತಾಯಿಯ, ಮಡಿಲಿಗೆ ಹಾಕಿದರೆ ಸಾಕು. ಮಾಯಿ ಹೇಗಾದರೂ ಉಳಿಸುತ್ತಾಳೆ. ಬೇರೆ ಯಾವ ಯೋಚನೆಯೂ ಅವಳ ತಲೆಯಲ್ಲಿ ನಿಲ್ಲಲಿಲ್ಲ.

ರೈಲಿನ ತುಂಬ ಹಬ್ಬಕ್ಕೆ ಹೋಗುವವರು. ಅವಳ ಪಕ್ಕದಲ್ಲಿ ಮೂಡಬಿದ್ರೆ ಹತ್ತಿರದ ಪುತ್ತಿಗೆಯ ಕಾರ್ಮಿನ್ ಬಾಯಿ ಕೂತಿದ್ದಳು. ಮುದುಕಿ, ಮುಖದ ತುಂಬ ಹಳೆಯ ಸಿಡುಬಿನ ಕುಳಿ. ನೀಲಗಿರಿಯಲ್ಲಿ ಮಗಳ ಬಾಣಂತನ ಮುಗಿಸಿ ಹೊರಟವಳು. ಕಲ್ಲಿಕೋಟೆಯಲ್ಲಿ ಪಾಣೆಮಂಗಳೂರಿನ ಒಣಮೀನಿನ ವ್ಯಾಪಾರಿ ಅಬ್ದುಲ್ ರಹಿಮಾನ್ ಹತ್ತಿ ಎದುರಿನ ಬೆಂಚಿನಲ್ಲಿ ಕೂತ. ಅವನು ಮಾತಾಡದೆ ಕೂರುವ ಜನ ಅಲ್ಲ. ನಿಮ್ಮ ಹಬ್ಬ ಬಂತೆಂದರೆ ನನ್ನ ಮೀನನ್ನು ಕಣ್ಣೆತ್ತಿ ನೋಡುವವರಿಲ್ಲ ಎಂದು ದೂರಿದ.

"ನಿನ್ನ ಮೀನನ್ನು ನೋಡುವುದಕ್ಕೆ ಕಣ್ಣು ಯಾಕೆ ಮಾರಾಯ," ಎಂದಳು ಕಾರ್ಮಿನ್ ಬಾಯಿ. "ಮೂಗು ಸಾಕು."

ಸುತ್ತಲಿನವರು ನಕ್ಕರು. ಆ ಸದ್ದಿಗೆ ಬೊನಾ ಕಣ್ಣು ಬಿಟ್ಟ. ಮುದುಕಿಯ ಮುಖ ಕಂಡಿತು. ಅಪ್ಪ ಹೇಳುತ್ತಿದ್ದ ಅಜ್ಜಿ ಇವಳೇ ಎಂದುಕೊಂಡಿರಬೇಕು. ಎರಡೂ ಕೈ ಜೋಡಿಸಿ "ಬೆಸಾಂವ್" ಎಂದ. ಕೊಂಕಣಿ ಕ್ರಿಸ್ತುವರ ಮಕ್ಕಳು ಹಿರಿಯರನ್ನು ಕಂಡಾಗ ಹಾಗೆ ಆಶೀರ್ವಾದ ಕೇಳಬೇಕು. ಹಿರಿಯರು ಹೆಬ್ಬೆರಳಿನಿಂದ ಹಣೆಯ ಮೇಲೆ ಶಿಲುಬೆ ಎಳೆಯಬೇಕು. ಸೆವ್ರಿನ್ ತಡೆಯುವ ಮೊದಲೇ ಕಾರ್ಮಿನ್ ಬಾಯಿಯ ಹೆಬ್ಬೆರಳು ಮಗುವಿನ ಹಣೆಗೆ ಹೋಗಿತ್ತು.

ಬೆರಳು ಅರ್ಧಕ್ಕೆ ನಿಂತಿತು. ಹಿಂದೆ ಬಂತು. ಮತ್ತೆ ಮೆಲ್ಲಗೆ ಹೋಯಿತು. ಚರ್ಮದ ಅಡಿಯಲ್ಲಿ ಸಾಸಿವೆ ಕಾಳು ಸಿಕ್ಕಿದ ಹಾಗೆ ಅಲ್ಲಲ್ಲಿ ತಡೆಯಿತು.

"ಎಷ್ಟು ದಿನ ಆಯಿತು ಜ್ವರ?" ಎಂದು ತಗ್ಗಿದ ಸ್ವರದಲ್ಲಿ ಕೇಳಿದಳು.

"ಸೊಳ್ಳೆ ಕಚ್ಚಿದ್ದು ಅದು."

"ನನ್ನ ಮುಖ ನೋಡು ಮಗಳೇ. ಆಮೇಲೆ ಹೇಳು."

ಸೆವ್ರಿನ್ ನೋಡಲಿಲ್ಲ. ಅಷ್ಟರಲ್ಲಿ ಟಿಕೆಟು ನೋಡುವವನು ಬಂದ. ಮಗುವಿನ ಹಣೆ ಅವನ ಕಣ್ಣಿಗೆ ಬಿದ್ದರೆ ಕಣ್ಣೂರಿನಲ್ಲೇ ಇಳಿಸಿಬಿಡುತ್ತಿದ್ದ. ಕಾರ್ಮಿನ್ ಬಾಯಿ ತನ್ನ ಶಾಲನ್ನು ಮಗುವಿನ ತಲೆಯ ಮೇಲೆ ಎಳೆದು ಟಿಕೆಟು ತೋರಿಸಿದಳು. ಅವನು ಹೋದ ಮೇಲೆ, ಮನೆಯಲ್ಲಿ ಮಕ್ಕಳು ಯಾರು ಯಾರು ಉಂಟು ಎಂದು ಕೇಳಿದಳು. ಅಣ್ಣ ಅಂದ್ರುವಿನ ಮಕ್ಕಳು, ಹಬ್ಬಕ್ಕೆ ಬಂದ ಅಕ್ಕನ ಮಕ್ಕಳು, ಅದರಲ್ಲಿ ಒಂದು ಇನ್ನೂ ಎದೆಹಾಲು ಕುಡಿಯುವುದು. ಎಲ್ಲರಿಗೂ ಒಂದೇ ಚಾಪೆ. ಸೆವ್ರಿನ್ ಒಂದೊಂದಾಗಿ ಹೇಳುತ್ತ ಹೋದಳು. ಹೇಳುತ್ತ ಸ್ವರ ಇಳಿಯಿತು.

"ಗಂಡನನ್ನು ಷೆಡ್ಡಿಗೆ ಕೊಟ್ಟೆ," ಎಂದಳು. "ಇವನನ್ನು ಕೊಡುವುದಿಲ್ಲ. ಮಾಯಿ ನೋಡ್ಕೊಳ್ತಾಳೆ."

ಕಾರ್ಮಿನ್ ಬಾಯಿ ಮಗುವಿನ ಮೇಲಿನ ಶಾಲನ್ನು ಸರಿಮಾಡಿದಳು. ಆಮೇಲೆ ತನ್ನ ಕಥೆ ಹೇಳಿದಳು. ಸಣ್ಣವಳಿದ್ದಾಗ ಸೋದರತ್ತೆಯ ಮನೆಯಿಂದ ಈ ಜ್ವರ ಹೊತ್ತು ಬಂದವಳು ಅವಳೇ. ತಾಯಿ ಮಡಿಲಿನಲ್ಲಿ ಇಟ್ಟುಕೊಂಡು ಅವಳನ್ನು ಉಳಿಸಿದಳು. ಅದು ತಗಲಿ ತಮ್ಮಂದಿರು ಇಬ್ಬರೂ ಹೋದರು.

"ನಾನು ಉಳಿದೆ. ಉಳಿದದ್ದು ಒಳ್ಳೇದಾಯಿತು ಅಂತ ನಮ್ಮ ಮನೆಯಲ್ಲಿ ಒಬ್ಬರೂ ಹೇಳಲಿಲ್ಲ."

ಅಬ್ದುಲ್ ರಹಿಮಾನ್ ಎಲ್ಲ ಕೇಳಿಸಿಕೊಂಡಿದ್ದ. ಅವನ ತಮಾಷೆ ನಿಂತುಹೋಗಿತ್ತು. ಉಳ್ಳಾಲ ದಾಟಿ ರೈಲು ನೇತ್ರಾವತಿಯ ಸೇತುವೆ ಹತ್ತಿತು. ನರಿಕೊಂಬಿನ ಮನೆಯ ಅಂಗಳದ ಕೆಳಗೆ ಹರಿಯುವ ಹೊಳೆಯೇ ಅದು. ಬೋಗಿಯ ಬಾಗಿಲು ತೆರೆದಿತ್ತು. ಸೆವ್ರಿನ್ ಮಗುವನ್ನು ಎತ್ತಿಕೊಂಡು ಎದ್ದು ನಿಂತಳು. ಬಾಗಿಲನ್ನೇ ನೋಡಿದಳು. ಕಾರ್ಮಿನ್ ಬಾಯಿ ಅವಳ ಸೆರಗು ಹಿಡಿದುಕೊಂಡಳು. ಸೇತುವೆ ಮುಗಿಯುವವರೆಗೂ ಬಿಡಲಿಲ್ಲ.

ಮಂಗಳೂರಿನಲ್ಲಿ ಇಳಿದಾಗ ಸೆವ್ರಿನ್ ಬಸ್ಸಿನ ಕಡೆ ಹೋಗಲಿಲ್ಲ. ಅಬ್ದುಲ್ ರಹಿಮಾನನನ್ನು ಕರೆದಳು. ನರಿಕೊಂಬಿಗೆ ಹೋಗಿ ಅಂದ್ರುವಿನ ಮನೆಗೆ ಸುದ್ದಿ ಮುಟ್ಟಿಸಬೇಕು ಎಂದಳು. "ಅಂಗಳಕ್ಕೆ ಇಳಿಯಬೇಡಿ. ದಾರಿಯಿಂದಲೇ ಹೇಳಿ. ಯಾರೂ ಬರುವುದು ಬೇಡ ಅಂತ ಹೇಳಿ."

"ಹೇಳ್ತೇನೆ," ಎಂದ ಅವನು.

ಸಿಡುಬಿನ ಷೆಡ್ಡು ಪೇಟೆಯಿಂದ ಆಚೆ, ಗುಡ್ಡದ ಬದಿಯಲ್ಲಿ. ಕಾರ್ಮಿನ್ ಬಾಯಿ ಟ್ರಂಕು ಹೊತ್ತು ಗೇಟಿನವರೆಗೆ ಬಂದಳು. ಕಾವಲಿನವನು ಮಗುವನ್ನು ಕೊಡು, ನೀನು ಹೋಗು ಎಂದ. ಸೆವ್ರಿನ್ ರವಿಕೆಯ ತೋಳು ಮೇಲೆ ಎಳೆದು ಅಚ್ಚಿನ ಗುರುತು ತೋರಿಸಿದಳು.

"ಇಬ್ಬರನ್ನೂ ಒಳಗೆ ಹಾಕು. ಇಲ್ಲ, ಇಬ್ಬರೂ ಇಲ್ಲೇ ಮಣ್ಣಿನಲ್ಲಿ ಮಲಗ್ತೇವೆ. ನೀನು ನಮ್ಮನ್ನು ದಾಟಿಕೊಂಡು ತಿರುಗು."

ಅವನು ಒಳಗೆ ಬಿಟ್ಟ.

ಹಬ್ಬದ ಬೆಳಿಗ್ಗೆ ಮಾಯಿ ಬಂದಳು. ಯಾರೂ ಬರಬೇಡಿ ಎಂದದ್ದನ್ನು ಅವಳು ಕೇಳುವವಳೇ ಅಲ್ಲ. ಹಿಂದಿನಿಂದ ಅಂದ್ರು ಬಂದ. ಬಿದಿರಿನ ಬೇಲಿಯ ಹೊರಗೆ ಇಬ್ಬರನ್ನೂ ತಡೆದರು. ಮಾಯಿ ಕಾವಲಿನವನಿಗೆ ಬೈದಳು, ಕಾಲು ಹಿಡಿಯಲು ಹೋದಳು, ಮತ್ತೆ ಬೈದಳು. ಒಳಗೆ ಬೊನಾನ ಮುಖ ಗುರುತು ಸಿಗದ ಹಾಗೆ ಬಾತಿತ್ತು. ಕಣ್ಣು ಮುಚ್ಚಿಹೋಗಿತ್ತು. ಕಿವಿ ಮಾತ್ರ ಕೇಳುತ್ತಿತ್ತು.

"ಯಾರು ಅದು?" ಎಂದ.

"ಅಜ್ಜಿ."

"ಮನೆ ಬಂತಾ?"

ಸೆವ್ರಿನ್ ತಗಡಿನ ಗೋಡೆ ನೋಡಿದಳು. "ಬಂತು," ಎಂದಳು.

ಆಮೇಲೆ ಕಿಟಕಿಗೆ ಹೋಗಿ ನಿಂತಳು. "ಮಾಯಿ, ಬೈಯುವುದು ಸಾಕು. ಮನೆಯಲ್ಲಿ ಇದ್ದ ಹಾಗೆ ಮಾತಾಡು. ಅವನಿಗೆ ಕೇಳ್ತದೆ."

ಮಾಯಿ ಬೈಗಳು ನಿಲ್ಲಿಸಿದಳು. ಬೇಲಿಯ ಬುಡದಲ್ಲಿ ಕೂತಳು. ಕೂತು ಮಾತು ಶುರು ಮಾಡಿದಳು. ಇಲ್ಲದ ಕೋಳಿಗಳನ್ನು ಓಡಿಸಿದಳು. ಒದ್ದೆ ಸೌದೆ ತಂದದ್ದಕ್ಕೆ ಅಂದ್ರುವಿಗೆ ಗದರಿದಳು. ಅವನು ಬರಿಗೈಯಲ್ಲಿ ನಿಂತು ಹೂಂ ಎಂದ. ಸಾವಾದ ಮನೆಯಲ್ಲಿ ಆ ವರ್ಷ ಹಬ್ಬದ ಬಾಣಲೆ ಇಡುವ ಕ್ರಮ ಇಲ್ಲ. ಲಾದ್ರು ಹೋದ ಕಾರಣ ಮಾಯಿಯೂ ಇಟ್ಟಿರಲಿಲ್ಲ. ಆದರೂ ಕರಿದ ತಿಂಡಿಯ ಹೆಸರೆಲ್ಲ ಹೇಳಿದಳು.

"ಬೊನಾ, ನಿನಗೆ ಅಂತ ಒಂದು ದೊಡ್ಡ ನೆವ್ರಿ ತೆಗೆದಿಟ್ಟಿದ್ದೇನೆ. ತೆಂಗಿನಕಾಯಿ ಬೆಲ್ಲ ತುಂಬಿದ್ದು. ಆ ಕಳ್ಳ ಮಕ್ಕಳಿಗೆ ಹೇಳಬೇಡ."

ಬೊನಾನ ತುಟಿ ಅಲ್ಲಾಡಿತು. ನಕ್ಕನೋ, ನೀರು ಕೇಳಿದನೋ, ತಿಳಿಯಲಿಲ್ಲ. ಸೆವ್ರಿನ್ ಚಮಚದಲ್ಲಿ ನೀರು ಬಿಟ್ಟಳು. ಅದು ಕಟವಾಯಿಯಿಂದ ಇಳಿಯಿತು.

ಬಿಸಿಲು ಏರಿ ಇಳಿಯುವ ಹೊತ್ತಿಗೆ ಅವನ ಎದೆ ನಿಂತಿತು. ಸೆವ್ರಿನ್ ಕೈ ಇಟ್ಟು ನೋಡಿದಳು. ತೆಗೆಯದೆ ಹಾಗೆಯೇ ಇಟ್ಟುಕೊಂಡು ಕೂತಳು.

ಹೊರಗೆ ಮಾಯಿ ಹಸು ಕರು ಹಾಕಿದ ಕಥೆ ಹೇಳುತ್ತಿದ್ದಳು. ಸ್ವರ ಒಡೆದುಹೋಗಿತ್ತು. ನಡುವೆ ನಿಲ್ಲಿಸಿ ಅಂದ್ರುವಿನ ಹತ್ತಿರ ನೀರು ಕೇಳಿದಳು. ಕುಡಿದು ಮತ್ತೆ ಶುರು ಮಾಡಿದಳು. ಸೆವ್ರಿನ್ ಕಿಟಕಿಗೆ ಹೋಗಲಿಲ್ಲ. ಸಾಕು ಎನ್ನಲಿಲ್ಲ.